ವೃದ್ಧಾಶ್ರಮದಲ್ಲಿ ನರ್ಸಿಂಗ್ ಪಾಠ

ಉಗಾರ ಬುದ್ರುಕದಲ್ಲಿ ಯಾರದಾದರೂ ಕಾಯಿಲೆ ಕೈಮೀರಿತೆಂದರೆ ಮನೆಯವರ ಬಾಯಲ್ಲಿ ಮೊದಲು ಬರುವ ಹೆಸರು ಮಿರಜ. ಕಾಗವಾಡ, ಮ್ಹೈಸಾಳ ದಾಟಿದರೆ ಬಂದೇಬಿಟ್ಟಿತು; ರೈಲಿಗೆ ಹೋಗುವವರಿಗೆ ಉಗಾರ ಖುರ್ದ ನಿಲ್ದಾಣವಿದೆ. ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್‌ಲೆಸ್ ಅಲ್ಲಿ ಆಸ್ಪತ್ರೆ ತೆರೆದದ್ದು 1894ರಲ್ಲಿ. ಕೃಷ್ಣಾ ತೀರದ ಈ ಭಾಗದ ಜನರು ಬಿಳಿ ಸಮವಸ್ತ್ರದ ನರ್ಸ್‌ಗಳನ್ನು ಮೊದಮೊದಲು ಕಂಡದ್ದು ಅಂಥ ಕಡೆ. ಇತ್ತ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಆಸ್ಪತ್ರೆ, ಅದರ ಜೊತೆಗೇ ನರ್ಸಿಂಗ್ ಕಾಲೇಜು. ಅಥಣಿ, ಚಿಕ್ಕೋಡಿ, ರಾಯಬಾಗ ಕಡೆಯ ರೈತಾಪಿ ಮನೆಗಳ ಹುಡುಗಿಯರು, ಈಚೆಗೆ ಹುಡುಗರೂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಸೇರುವಾಗ ಕಣ್ಣ ಮುಂದೆ ಇರುವುದು ಐಸಿಯು, ಆಪರೇಷನ್ ಥಿಯೇಟರ್, ಮುಂದೊಂದು ದಿನ ವಿದೇಶದ ಕೆಲಸ.

ಹೀಗಿರುವಾಗ ನೋಟಿಸ್ ಬೋರ್ಡಿನಲ್ಲಿ ‘ವೃದ್ಧಾಶ್ರಮ ಪೋಸ್ಟಿಂಗ್’ ಎಂದು ಬಿದ್ದರೆ ಮುಖ ಸಪ್ಪಗಾಗುವುದು ಸಹಜ. ಅಲ್ಲಿ ಮಾನಿಟರ್ ಇಲ್ಲ, ವೆಂಟಿಲೇಟರ್ ಇಲ್ಲ, ಎಮರ್ಜೆನ್ಸಿ ಇಲ್ಲ. ಸ್ನಾನ ಮಾಡಿಸು, ಊಟ ಮಾಡಿಸು, ಬಟ್ಟೆ ಬದಲಿಸು. ಮನೆಯಲ್ಲಿ ಅಜ್ಜಿಗೆ ಮಾಡಿದ್ದನ್ನೇ ಮಾಡಲು ಕಾಲೇಜಿಗೆ ಯಾಕೆ ಫೀ ಕಟ್ಟಬೇಕು ಎನ್ನುವ ವಿದ್ಯಾರ್ಥಿಗಳಿದ್ದಾರೆ.

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಪಠ್ಯದಲ್ಲಿ ಸಿಗುವುದಿಲ್ಲ. ಪೋಸ್ಟಿಂಗಿನ ದಿನ ಟ್ಯೂಟರ್ ಎಲ್ಲಿ ನಿಂತಿದ್ದಾರೆ, ಮಂಚದ ಪಕ್ಕದಲ್ಲೋ ಆಫೀಸಿನ ಕುರ್ಚಿಯಲ್ಲೋ ಎಂಬುದರ ಮೇಲೆ ಅದು ನಿಂತಿದೆ.

ಮೊದಲು ನಿಯಮದ ಮಾತು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮವನ್ನು ಸೆಮಿಸ್ಟರ್ ಪದ್ಧತಿಗೆ ತಂದಿತು. ವಯಸ್ಕರ ಶುಶ್ರೂಷೆಯ ಎರಡನೇ ಭಾಗದಲ್ಲಿ ವೃದ್ಧರ ಆರೈಕೆಗೆಂದೇ ಪ್ರತ್ಯೇಕ ಪಾಠವಿದೆ, ಪ್ರಾಯೋಗಿಕ ಪೋಸ್ಟಿಂಗೂ ಇದೆ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಎಂಬುದು ಪರಿಷತ್ತಿನ ಲೆಕ್ಕ. ಪ್ರತಿ ವಿದ್ಯಾರ್ಥಿಗೂ ಒಂದು ಲಾಗ್‌ಬುಕ್ ಇರುತ್ತದೆ. ಅದರಲ್ಲಿ ಪ್ರತಿ ಕೌಶಲದ ಎದುರು ಮೇಲ್ವಿಚಾರಕರ ಸಹಿಗೆ ಜಾಗವಿದೆ. ಸಹಿಯ ನಿಯಮ ಬಹಳ ಕಟ್ಟುನಿಟ್ಟು: ನೆರವಿದ್ದರೂ ಮಾಡಲಾಗದಿದ್ದರೆ ಒಂದನೇ ಹಂತ, ಯಾರಾದರೂ ಜೊತೆಗಿದ್ದರೆ ಮಾಡಬಲ್ಲರಾದರೆ ಎರಡನೇ ಹಂತ, ಯಾರ ನೆರವೂ ಇಲ್ಲದೆ ಸರಿಯಾಗಿ ಮಾಡಬಲ್ಲರಾದರೆ ಮೂರನೇ ಹಂತ. ಮೂರನೇ ಹಂತ ಮುಟ್ಟಿದ ಮೇಲೆಯೇ ಸಹಿ. ಅಂದರೆ ಸಹಿ ಹಾಕುವವರು ಆ ಕೆಲಸವನ್ನು ಕಣ್ಣಾರೆ, ಒಂದಲ್ಲ ಹಲವು ಸಲ ನೋಡಿರಬೇಕು. ತಿಂಗಳ ಕೊನೆಗೆ ಇಪ್ಪತ್ತು ಪುಸ್ತಕ ಒಟ್ಟಿಗೆ ತರಿಸಿಕೊಂಡು ಒಂದೇ ಪೆನ್ನಿನಲ್ಲಿ ಸಹಿ ಮಾಡಿದರೆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಈ ಕೆಲಸ ತಕ್ಕಮಟ್ಟಿಗೆ ನಡೆಯುತ್ತದೆ. ಟ್ಯೂಟರ್ ಇಲ್ಲದ ಹೊತ್ತಿನಲ್ಲೂ ವಾರ್ಡ್ ಸಿಸ್ಟರ್ ಇರುತ್ತಾರೆ, ಡ್ಯೂಟಿ ಡಾಕ್ಟರ್ ಇರುತ್ತಾರೆ, ತಪ್ಪು ಮಾಡಿದರೆ ಗದರುವವರು ಇರುತ್ತಾರೆ. ವೃದ್ಧಾಶ್ರಮ ಹಾಗಲ್ಲ. ನಮ್ಮ ಅನೇಕ ವೃದ್ಧಾಶ್ರಮಗಳು ದಾನಿಗಳಿಂದ, ಟ್ರಸ್ಟ್‌ಗಳಿಂದ, ಸರ್ಕಾರದ ಸಣ್ಣ ಅನುದಾನದಿಂದ ನಡೆಯುವಂಥವು. ಬೆಳಗಾವಿ ಹತ್ತಿರದ ಬಾಮನವಾಡಿಯ ಶಾಂತಾಯಿಯಂಥ ಆಶ್ರಮಗಳು ಊರವರ ಒಲುಮೆಯಿಂದಲೇ ಬೆಳೆದವು. ಇಂಥ ಕಡೆ ಅಡುಗೆಯವರು, ಆಯಾಗಳು, ಒಬ್ಬ ಮ್ಯಾನೇಜರ್, ವಾರಕ್ಕೋ ಹದಿನೈದು ದಿನಕ್ಕೋ ಬಂದು ಹೋಗುವ ಡಾಕ್ಟರ್. ನೋಂದಾಯಿತ ನರ್ಸ್ ಇಡೀ ದಿನ ಇರುವ ಆಶ್ರಮ ಸಿಕ್ಕರೆ ಅದೃಷ್ಟ. ಹಾಗಾಗಿ ಕಾಲೇಜಿನ ಟ್ಯೂಟರ್ ಬಸ್ಸಿನಿಂದ ಮಕ್ಕಳನ್ನು ಇಳಿಸಿ ಹೊರಟರೆ ಅವರಿಗೆ ನರ್ಸಿಂಗ್ ಹೇಳಿಕೊಡುವವರು ಅಲ್ಲಿ ಒಬ್ಬರೂ ಉಳಿಯುವುದಿಲ್ಲ.

ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ವಿದ್ಯಾರ್ಥಿಗಳು ಪುಕ್ಕಟೆ ಕೆಲಸದವರಾಗುತ್ತಾರೆ, ನೆಲ ಒರೆಸುವುದರಿಂದ ಬಟ್ಟೆ ಮಡಚುವವರೆಗೆ. ಇಲ್ಲವೇ ಅದು ‘ವಿಸಿಟ್’ ಆಗಿಬಿಡುತ್ತದೆ: ಸಾಲಾಗಿ ಕೂರಿಸಿ ಬಿಪಿ ನೋಡುವುದು, ಬಾಳೆಹಣ್ಣು ಹಂಚುವುದು, ಎರಡು ಭಜನೆ, ಒಂದು ಡಾನ್ಸ್, ಗ್ರೂಪ್ ಫೋಟೊ. ಹಣ್ಣು ಹಂಚುವುದು ಕೆಟ್ಟದ್ದೇನಲ್ಲ. ಆದರೆ ಸಂಜೆ ಬಸ್ ಹತ್ತಿದ ಹುಡುಗಿಯ ಮನಸ್ಸಿನಲ್ಲಿ ‘ಅಯ್ಯೋ ಪಾಪ’ ಎಂಬುದು ಬಿಟ್ಟರೆ ಇನ್ನೇನೂ ಉಳಿದಿರುವುದಿಲ್ಲ. ಅಯ್ಯೋ ಪಾಪ ಎನ್ನುವುದಕ್ಕೆ ನಾಲ್ಕು ವರ್ಷದ ಕೋರ್ಸ್ ಬೇಕಿಲ್ಲ.

ಟ್ಯೂಟರ್ ಜೊತೆಗಿದ್ದರೆ ಅದೇ ಬೆಳಗ್ಗೆ ಹೇಗಿರುತ್ತದೆಂದು ಹತ್ತಿರದಿಂದ ನೋಡಬಹುದು. ಹಾಸಿಗೆ ಹಿಡಿದ ಒಬ್ಬ ಆಯಿಗೆ ಇಬ್ಬರು ವಿದ್ಯಾರ್ಥಿನಿಯರು ಮೈ ಒರೆಸುತ್ತಿದ್ದಾರೆನ್ನಿ. ಮುಖ, ಕೈ, ಎದೆ ಆಯಿತು, ಮಗ್ಗುಲಾಗಿಸಿ ಬೆನ್ನು ಒರೆಸಿದ್ದೂ ಆಯಿತು. ಪೌಡರ್ ಡಬ್ಬಿಗೆ ಕೈ ಹೋಗುವಷ್ಟರಲ್ಲಿ ಟ್ಯೂಟರ್ ತಡೆಯುತ್ತಾರೆ. ‘ನಡದ ಕೆಳಗ, ಎಲುಬು ಎದ್ದದಲ್ಲ, ಅಲ್ಲಿ ಏನ್ ಕಂಡ್ತು?’ ಏನೂ ಇಲ್ಲ ಮೇಡಂ. ‘ಮುಟ್ಟಿ ನೋಡು.’ ಮುಟ್ಟಿದರೆ ಆ ಜಾಗ ಪಕ್ಕದ ಚರ್ಮಕ್ಕಿಂತ ತುಸು ಬಿಸಿ, ತುಸು ಗಟ್ಟಿ. ಬೆಡ್‌ಸೋರ್ ಶುರುವಾಗುವ ರೀತಿ ಇದು. ಪರದೇಶದ ಪಠ್ಯಪುಸ್ತಕದ ಚಿತ್ರದಲ್ಲಿ ಬಿಳಿ ಚರ್ಮದ ಮೇಲೆ ಕೆಂಪು ಕಲೆ ಎದ್ದು ಕಾಣುತ್ತದೆ. ಬಿಸಿಲಿಗೆ ಕಂದಿದ ನಮ್ಮ ಚರ್ಮದಲ್ಲಿ ಆ ಕೆಂಪು ಕಾಣಿಸುವುದೇ ಇಲ್ಲ. ಬಿಸಿ, ಗಟ್ಟಿ, ನೋವು, ಬಣ್ಣದಲ್ಲಿ ಸ್ವಲ್ಪ ಹೆಚ್ಚು ಕಪ್ಪು, ಇಷ್ಟೇ ಸುಳಿವು. ಪುಸ್ತಕ ಓದಿದ ಹುಡುಗಿ ಕೆಂಪನ್ನು ಹುಡುಕುತ್ತಾಳೆ, ಕಾಣುವುದಿಲ್ಲ, ‘ಸ್ಕಿನ್ ನಾರ್ಮಲ್’ ಎಂದು ಬರೆಯುತ್ತಾಳೆ. ಮೂರು ದಿನದಲ್ಲಿ ಅಲ್ಲಿ ಚರ್ಮ ಒಡೆದಿರಬಹುದು.

ಅಲ್ಲಿಂದ ಪಾಠ ಮುಂದೆ ಸಾಗುತ್ತದೆ. ಬ್ರೇಡನ್ ಮಾಪನ ಎಂಬ ಲೆಕ್ಕವೊಂದಿದೆ, 1980ರ ದಶಕದಲ್ಲಿ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ರೂಪಿಸಿದ್ದು. ಸ್ಪರ್ಶದ ಅರಿವು, ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಆಹಾರ, ಹಾಸಿಗೆಯ ಮೇಲಿನ ಉಜ್ಜಾಟ ಎಂಬ ಆರು ಅಂಶಗಳಿಗೆ ಅಂಕ ಕೊಡಬೇಕು. ಒಟ್ಟು 23ಕ್ಕೆ 18 ಅಥವಾ ಕಡಿಮೆ ಬಂದರೆ ಬೆಡ್‌ಸೋರಿನ ಅಪಾಯವಿದೆ ಎಂದರ್ಥ. ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿದವರಿಗೆ ಈಗ ಜೀವಂತ ಉದಾಹರಣೆ ಎದುರಿಗಿದೆ. ಆಯಿ ರಾತ್ರಿ ಎಷ್ಟು ಸಲ ಮಗ್ಗುಲಾಗುತ್ತಾರೆ? ಡಯಾಪರ್ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ? ಇದು ಆಯಾಗೆ ಗೊತ್ತು. ವಿದ್ಯಾರ್ಥಿನಿ ಹೋಗಿ ಅವರನ್ನು ಕೇಳಬೇಕು.

ಆಯಾ ಬಂದು, ‘ನಾವು ಸ್ಪಿರಿಟ್ ಹಚ್ಚಿ ಚಲೋತ್ನಾಗಿ ತಿಕ್ಕತೇವ್ರಿ, ಪೌಡರ್ ಹಾಕತೇವ್ರಿ’ ಎನ್ನುತ್ತಾರೆ. ಹಿಂದೆ ಆಸ್ಪತ್ರೆಗಳೇ ಕಲಿಸಿದ ಪದ್ಧತಿ ಅದು. ಎಲುಬಿನ ಮೇಲೆ ಕಂದಿದ ಚರ್ಮವನ್ನು ತಿಕ್ಕಿದರೆ ಒಳಗಿನ ಸಣ್ಣ ರಕ್ತನಾಳಗಳಿಗೆ ಇನ್ನಷ್ಟು ಪೆಟ್ಟು, ಸ್ಪಿರಿಟ್‌ನಿಂದ ಮುದಿ ಚರ್ಮ ಒಣಗಿ ಬಿರಿಯುತ್ತದೆ ಎಂಬುದು ಈಗಿನ ತಿಳಿವಳಿಕೆ. ಇಲ್ಲಿ ಮೇಲ್ವಿಚಾರಕಿಯ ನಿಜವಾದ ಪರೀಕ್ಷೆ. ಹತ್ತು ವರ್ಷ ಆ ಆಯಿಯ ಮಲಮೂತ್ರ ಬಳಿದ ಹೆಂಗಸನ್ನು ಹದಿನೆಂಟರ ಹುಡುಗಿಯರೆದುರು ತಪ್ಪಿತಸ್ಥಳಾಗಿ ನಿಲ್ಲಿಸಬಾರದು. ತಪ್ಪನ್ನು ಹಾಗೇ ಬಿಡಲೂಬಾರದು. ಒಳ್ಳೆಯ ಟ್ಯೂಟರ್ ಆಯಾಳ ಕೈಯನ್ನೂ ಆ ಬಿಸಿ ಜಾಗದ ಮೇಲೆ ಇಡಿಸುತ್ತಾರೆ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ಪಾಳಿಯನ್ನು ಅವರ ಜೊತೆ ಕೂತೇ ಬರೆಯುತ್ತಾರೆ. ಹುಡುಗಿಯರು ಆವತ್ತು ಬೆಡ್‌ಸೋರ್ ಬಗ್ಗೆ ಕಲಿತರು, ಜೊತೆ ಕೆಲಸದವರ ಮಾನ ಕಾಯುವುದನ್ನೂ ಕಲಿತರು.

ಈ ಸೀಮೆಗೇ ಸೇರಿದ ಇನ್ನೊಂದು ಉದಾಹರಣೆ. ಕಾಗವಾಡ, ಶೇಡಬಾಳ, ಉಗಾರದ ಸುತ್ತಮುತ್ತ ಜೈನ ಮನೆತನಗಳು ಬಹಳ. ಅವುಗಳಲ್ಲಿ ವ್ರತನಿಷ್ಠ ಹಿರಿಯರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಕೆಲವರು ನೀರನ್ನೂ ಮುಟ್ಟುವುದಿಲ್ಲ. ಡಾಕ್ಟರ್ ಚೀಟಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ‘ಬೆಳಗ್ಗೆ, ರಾತ್ರಿ ಊಟಕ್ಕೆ ಮೊದಲು’ ಎಂದಿರುತ್ತದೆ. ಅಜ್ಜ ಸಂಜೆ ಆರಕ್ಕೆ ಊಟ ಮುಗಿಸಿದ್ದಾರೆ. ಎಂಟೂವರೆಗೆ ವಿದ್ಯಾರ್ಥಿನಿ ಚಾರ್ಟ್ ನೋಡಿ ಮಾತ್ರೆ ಕೊಡುತ್ತಾಳೆ, ಅಜ್ಜ ಗುಟುಕು ನೀರಿನಲ್ಲಿ ಒಲ್ಲದ ಮನಸ್ಸಿನಿಂದ ನುಂಗುತ್ತಾರೆ. ಕೆಲವು ಮಾತ್ರೆಗಳು ಹೊಟ್ಟೆಯಲ್ಲಿ ಅನ್ನವಿಲ್ಲದಾಗ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ನಡುರಾತ್ರಿ ಬೆವರು, ಗೊಂದಲದ ಮಾತು, ಎದ್ದು ಬೀಳುವುದು. ಬೆಳಗ್ಗೆ ‘ವಯಸ್ಸಾತ್ರಿ, ಅರಳುಮರಳು’ ಎಂದು ಎಲ್ಲರೂ ಒಪ್ಪಿಬಿಡುತ್ತಾರೆ. ಸಮಯಕ್ಕೆ ಸರಿಯಾಗಿ ಮಾತ್ರೆ ಕೊಟ್ಟ ಹುಡುಗಿಯ ಕೆಲಸದಲ್ಲಿ ಕಾಗದದ ಮೇಲೆ ಯಾವ ತಪ್ಪೂ ಕಾಣುವುದಿಲ್ಲ. ‘ನಿನ್ನ ಅಜ್ಜ ಎಷ್ಟಕ್ಕೆ ಉಣ್ಣತಾರ?’ ಎಂದು ಕೇಳುವ ಟ್ಯೂಟರ್ ಒಬ್ಬರಿದ್ದರೆ ಮಾತ್ರ ಇದು ಬಯಲಿಗೆ ಬಂದು, ಡಾಕ್ಟರಿಗೆ ತಿಳಿಸಿ ಹೊತ್ತು, ಪ್ರಮಾಣ ಬದಲಾಗುತ್ತದೆ. ವಿದ್ಯಾರ್ಥಿ ತಾನಾಗಿ ಬದಲಿಸುವಂತಿಲ್ಲ ಎಂಬುದೂ ಅದೇ ಪಾಠದ ಭಾಗ.

ಮಾತಿನ ತೊಡಕೂ ಇದೆ. ಗಡಿಯ ಮುದುಕರಲ್ಲಿ ಹಲವರಿಗೆ ಮರಾಠಿಯೇ ಮನೆಮಾತು, ವಿದ್ಯಾರ್ಥಿ ವಿಜಯಪುರದವಳೋ ಕೇರಳದವನೋ ಆಗಿರಬಹುದು. ಎಲ್ಲಿ ನೋವು, ಹೊಟ್ಟೆ ಹಸಿದಿದೆಯೇ, ಒಂದಕ್ಕೆ ಹೋಗಬೇಕೇ, ಇಷ್ಟನ್ನಾದರೂ ಅವರ ಮಾತಿನಲ್ಲಿ ಕೇಳಲು ಮೊದಲ ದಿನವೇ ಕಲಿಸಬೇಕು. ಕಿವಿ ಮಂದವಾದವರ ಎದುರು ಕಿರುಚಬಾರದು. ಎದುರಿಗೆ ಕೂತು, ತುಟಿ ಕಾಣುವಂತೆ, ಕೀರಲಿಲ್ಲದ ತಗ್ಗು ಸ್ವರದಲ್ಲಿ ನಿಧಾನವಾಗಿ ಮಾತಾಡಬೇಕು. ವಯಸ್ಸಾದಂತೆ ಮೊದಲು ಹೋಗುವುದು ಕೀರಲು ದನಿ ಕೇಳುವ ಶಕ್ತಿ. ಎಳೆಯ ಹುಡುಗಿಯರ ಏರುದನಿ ಅವರಿಗೆ ಬರೀ ಗದ್ದಲವಾಗಿ ಕೇಳುತ್ತದೆ.

ಮರೆಗುಳಿತನ ಇನ್ನೂ ಕಠಿಣ. ಎಲ್‌ಎಎಸ್‌ಐ-ಡಿಎಡಿ ಎಂಬ ರಾಷ್ಟ್ರಮಟ್ಟದ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ ಡಿಮೆನ್ಷಿಯಾ ಇದೆ, ಸುಮಾರು 88 ಲಕ್ಷ ಜನ. ಬೆಂಗಳೂರಿನಲ್ಲಿ ಡಾ. ರಾಧಾ ಮೂರ್ತಿ ಮತ್ತು ಪ್ರೇಮ್‌ಕುಮಾರ್ ರಾಜಾ 1998ರಲ್ಲಿ ಕಟ್ಟಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇಂಥವರಿಗಾಗಿ ಪ್ರತ್ಯೇಕ ಕೇಂದ್ರ ನಡೆಸುತ್ತಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಅವರು ಮನೆಯಲ್ಲೋ ಸಾಮಾನ್ಯ ಆಶ್ರಮದಲ್ಲೋ ಇರುತ್ತಾರೆ. ಎಂಬತ್ತರ ಅಜ್ಜಿ ಸಂಜೆಯಾದೊಡನೆ ‘ಅವ್ವ ಕಾಯ್ತಿರತಾಳ, ಮನಿಗೆ ಹೋಗಬೇಕು’ ಎಂದು ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ವಿದ್ಯಾರ್ಥಿ ನಿಜ ಹೇಳುತ್ತಾಳೆ: ‘ನಿಮ್ಮ ಅವ್ವ ತೀರಿಹೋಗಿ ಭಾಳ ವರ್ಷ ಆತಲ್ಲ ಆಯಿ.’ ಅಜ್ಜಿಗೆ ಆ ಸಾವಿನ ಸುದ್ದಿ ಈಗಷ್ಟೇ ಸಿಕ್ಕಂತೆ ಆಗಿ ಗೋಳಾಡುತ್ತಾರೆ. ಹೀಗಾದಾಗ ಟ್ಯೂಟರ್ ಬೈದರೆ ಹುಡುಗಿ ಮತ್ತೆಂದೂ ಡಿಮೆನ್ಷಿಯಾ ರೋಗಿಯ ಹತ್ತಿರ ಸುಳಿಯಲಾರಳು. ಅವಳ ಬದಲಿಗೆ ತಾನೇ ಹೋಗಿ ಅಜ್ಜಿಯ ಕೈ ಹಿಡಿದು, ‘ನಿಮ್ಮ ಅವ್ವ ಏನೇನ್ ಅಡಗಿ ಮಾಡತಿದ್ರು, ಹೇಳ್ರಿ’ ಎಂದು ಕೇಳಿ ತೋರಿಸಿದರೆ ಸಾಕು. ಆಮೇಲೆ ಜಗಲಿಯಲ್ಲಿ ಕೂತು, ಸಂಜೆ ಹೊತ್ತಿಗೇ ಯಾಕೆ ಈ ಚಡಪಡಿಕೆ ಹೆಚ್ಚುತ್ತದೆ, ಬೆಳಕು, ದಣಿವು, ಮೂತ್ರದ ಸೋಂಕು ಇವೆಲ್ಲಕ್ಕೂ ಅದಕ್ಕೂ ಏನು ಸಂಬಂಧ ಎಂದು ವಿವರಿಸಬಹುದು. ಮುದುಕರಲ್ಲಿ ಮೂತ್ರದ ಸೋಂಕು ಜ್ವರವಿಲ್ಲದೆ, ಉರಿಯಿಲ್ಲದೆ, ಬರೀ ದಿಢೀರ್ ಗೊಂದಲವಾಗಿ ಕಾಣಿಸಿಕೊಳ್ಳಬಹುದು. ನಿನ್ನೆಯವರೆಗೆ ಸರಿಯಿದ್ದವರು ಇಂದು ತಲೆಕೆಟ್ಟಂತೆ ಆಡಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಡಾಕ್ಟರಿಗೆ ತಿಳಿಸಬೇಕು.

ಬೇರೆ ದೇಶಗಳು ಈ ಜೊತೆಗಿರುವಿಕೆಯನ್ನು ಟ್ಯೂಟರ್‌ನ ಒಳ್ಳೆಯತನಕ್ಕೆ ಬಿಡದೆ ಕಾನೂನಾಗಿಸಿವೆ. ಜರ್ಮನಿಯಲ್ಲಿ 2020ರಿಂದ ಜಾರಿಯಲ್ಲಿರುವ ಶುಶ್ರೂಷಾ ಕಾಯ್ದೆಯ ಪ್ರಕಾರ ಪ್ರತಿ ನರ್ಸಿಂಗ್ ವಿದ್ಯಾರ್ಥಿಯೂ ಹಿರಿಯರ ದೀರ್ಘಾವಧಿ ಆರೈಕೆಯ ಮನೆಗಳಲ್ಲಿ 400 ಗಂಟೆ ಕಡ್ಡಾಯವಾಗಿ ಕಳೆಯಬೇಕು. ಪ್ರಾಯೋಗಿಕ ತರಬೇತಿಯಲ್ಲಿ ಕನಿಷ್ಠ ಶೇ 10ರಷ್ಟು ಸಮಯವಾದರೂ ಮಾರ್ಗದರ್ಶಕರು ಜೊತೆಗಿದ್ದು ಕಲಿಸಬೇಕು. ಆ ಮಾರ್ಗದರ್ಶಕರು ಅದಕ್ಕೆಂದೇ 300 ಗಂಟೆಯ ತರಬೇತಿ ಪಡೆದ ನರ್ಸ್‌ಗಳು. ಬ್ರಿಟನ್ನಿನ ನರ್ಸಿಂಗ್ ಪರಿಷತ್ತು 2018ರಲ್ಲಿ ಇನ್ನೊಂದು ಬದಲಾವಣೆ ತಂದಿತು: ದಿನನಿತ್ಯ ಜೊತೆಗಿದ್ದು ಕಲಿಸುವವರು ಬೇರೆ, ತೇರ್ಗಡೆ ಮಾಡುವವರು ಬೇರೆ. ಕಲಿಸುವವರ ಮುಂದೆ ‘ನನಗೆ ಬರುವುದಿಲ್ಲ’ ಎನ್ನಲು ವಿದ್ಯಾರ್ಥಿಗೆ ಭಯ ಇರಬಾರದು ಎಂಬ ಕಾಳಜಿಗೆ ಇದು ಒಗ್ಗುತ್ತದೆ. ವಿದ್ಯಾರ್ಥಿಯನ್ನು ಸಿಬ್ಬಂದಿಯ ತಲೆಲೆಕ್ಕಕ್ಕೆ ಸೇರಿಸುವಂತಿಲ್ಲ ಎಂಬ ನಿಯಮವೂ ಅಲ್ಲಿದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯವಂತೂ ಕೆಲವು ವೃದ್ಧಾಲಯಗಳನ್ನೇ ಬೋಧನಾ ಆಸ್ಪತ್ರೆಯ ಮಾದರಿಯಲ್ಲಿ ಬೋಧನಾ ಆಲಯಗಳನ್ನಾಗಿ ರೂಪಿಸಿತು.

ನಮ್ಮಲ್ಲಿ 1947ರ ಹಳೆಯ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ 2023ರಲ್ಲಿ ಬಂದಿದೆ. ವೃದ್ಧಾಶ್ರಮ ಪೋಸ್ಟಿಂಗಿಗೆ ಯಾರು, ಎಷ್ಟು ಹೊತ್ತು, ಹೇಗೆ ಜೊತೆಗಿರಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯಲು ಇದು ಸರಿಯಾದ ಕಾಲ. 2011ರ ಜನಗಣತಿಯಲ್ಲೇ ದೇಶದ ಶೇ 8.6 ಮಂದಿ 60 ದಾಟಿದ್ದರು. ಇಂದು ಓದುತ್ತಿರುವ ವಿದ್ಯಾರ್ಥಿ ಯಾವ ವಿಭಾಗಕ್ಕೇ ಹೋಗಲಿ, ಮೂಳೆ ವಾರ್ಡಿಗೋ ಹೃದಯದ ಐಸಿಯುಗೋ, ಅವಳ ಮುಂದೆ ಮಲಗುವ ರೋಗಿಗಳಲ್ಲಿ ಬಹಳ ಮಂದಿ ಮುದುಕರೇ ಆಗಿರುತ್ತಾರೆ.

ಕೈಕೆಲಸದಾಚೆಗೂ ಮೇಲ್ವಿಚಾರಕರ ಹೊಣೆ ಇದೆ. ‘ಇವತ್ತು ಯಾರೂ ನನ್ನ ಮುಟ್ಟಬ್ಯಾಡ್ರಿ’ ಎಂದು ಅಜ್ಜನೊಬ್ಬ ಹೇಳಿದರೆ ಅದನ್ನು ಒಪ್ಪಿಕೊಳ್ಳಲು ಕಲಿಸಬೇಕು. ಆಶ್ರಮ ಅವರ ಮನೆ, ವಿದ್ಯಾರ್ಥಿ ಅಲ್ಲಿಗೆ ಬಂದ ಅತಿಥಿ. ಸ್ನಾನ ಮಾಡಿಸುವಾಗ ಬಾಗಿಲು ಮುಚ್ಚಿರಬೇಕು, ಪರದೆ ಇರಬೇಕು. ಅಜ್ಜಿಗೆ ಊಟ ಮಾಡಿಸುವ ವಿಡಿಯೊ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹೋಗಬಾರದು, ಎಷ್ಟೇ ಒಳ್ಳೆಯ ಮನಸ್ಸಿನಿಂದ ತೆಗೆದಿದ್ದರೂ. ಮಗ ನೋಡಲು ಬರದ ದುಃಖವನ್ನು ಊರಿಗೆ ತಿಳಿಸಬೇಕೋ ಬೇಡವೋ ಎಂಬುದು ಅಜ್ಜಿಗೆ ಬಿಟ್ಟದ್ದು.

ಇನ್ನೂ ಕಷ್ಟದ ಸಂಗತಿಯೊಂದಿದೆ. ಆಶ್ರಮದವರು ಯಾರನ್ನಾದರೂ ಹೊಡೆದದ್ದು, ಮಂಚಕ್ಕೆ ಕಟ್ಟಿದ್ದು, ಹಸಿವಿನಲ್ಲಿ ಇಟ್ಟದ್ದು ವಿದ್ಯಾರ್ಥಿಯ ಕಣ್ಣಿಗೆ ಬಿದ್ದರೆ? ಪೋಸ್ಟಿಂಗ್ ತಪ್ಪೀತು, ಕಾಲೇಜಿನವರು ಬೈದಾರು ಎಂದು ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಮೊದಲ ದಿನವೇ ಟ್ಯೂಟರ್ ನೇರವಾಗಿ ಹೇಳಿರಬೇಕು: ಕಂಡದ್ದನ್ನು ನನಗೆ ಹೇಳು, ಮುಂದಿನದು ನನ್ನ ಜವಾಬ್ದಾರಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಆಶ್ರಮದ ಗೋಡೆಯ ಮೇಲೂ ವಿದ್ಯಾರ್ಥಿಯ ಲಾಗ್‌ಬುಕ್ಕಿನಲ್ಲೂ ಇರಲಿ. ಸಾವಿಗೂ ಸಿದ್ಧಪಡಿಸಬೇಕು. ನಿನ್ನೆ ಗಂಜಿ ಕುಡಿಸಿದ ಅಜ್ಜನ ಮಂಚ ಬೆಳಗ್ಗೆ ಖಾಲಿ ಇದ್ದರೆ, ಹತ್ತೊಂಬತ್ತರ ಹುಡುಗನಿಗೆ ಕೇಸ್ ಶೀಟ್ ಮುಗಿಸು ಎನ್ನುವ ಮೊದಲು ಅರ್ಧ ಗಂಟೆ ಕೂತು ಮಾತಾಡುವವರು ಬೇಕು.

ಹಾಗಾದರೆ ಈ ಭಾಗದಲ್ಲಿ ಏನು ಮಾಡಬಹುದು? ಖರ್ಚಿಲ್ಲದ ಕೆಲಸಗಳೇ ಬಹಳ. ಇಡೀ ಬ್ಯಾಚನ್ನು ಒಂದೇ ದಿನ ಒಯ್ಯುವ ಬದಲು ಐದಾರು ಜನರ ತಂಡ ಮಾಡುವುದು. ಒಬ್ಬ ವಿದ್ಯಾರ್ಥಿಗೆ ಇಡೀ ವಾರ ಒಬ್ಬರೇ ಹಿರಿಯರನ್ನು ಒಪ್ಪಿಸುವುದು. ದಿನಕ್ಕೊಬ್ಬರಾದರೆ ಬದಲಾವಣೆ ಗುರುತಿಸಲು ಬರುವುದಿಲ್ಲ. ಆಶ್ರಮದ ಆಯಾಗಳಲ್ಲಿ ಅನುಭವಸ್ಥರೊಬ್ಬರನ್ನು ಕಾಲೇಜಿನವರು ಗೌರವದಿಂದ ಸಹಮಾರ್ಗದರ್ಶಕರನ್ನಾಗಿ ಕರೆದುಕೊಳ್ಳುವುದು. ದಿನದ ಕೊನೆಯ ಮುಕ್ಕಾಲು ಗಂಟೆ ಎಲ್ಲರೂ ಕೂತು, ಇವತ್ತು ಏನು ಕಂಡಿತು, ಏನು ತಪ್ಪಿತು ಎಂದು ಬಿಚ್ಚಿ ಮಾತಾಡುವುದು. ಕೊನೆಯ ದಿನದ ವಿದಾಯವನ್ನು ಮೂರು ದಿನ ಮೊದಲೇ ಹಿರಿಯರಿಗೆ ತಿಳಿಸುವುದು, ‘ನಾಳಿ ಬರತೇನಿ’ ಎಂದು ಸುಳ್ಳು ಹೇಳಿ ಹೊರಡಬಾರದು.

ಉಗಾರ ಬುದ್ರುಕದಂಥ ಊರಲ್ಲಿ ಬಹುಪಾಲು ಮುದುಕರು ಇರುವುದು ತಮ್ಮ ಮನೆಯ ಪಡಸಾಲೆಯಲ್ಲೇ. ಮಕ್ಕಳಲ್ಲಿ ಒಬ್ಬ ಸಾಂಗಲಿಯಲ್ಲಿ, ಒಬ್ಬ ಪುಣೆಯಲ್ಲಿ; ಊರಲ್ಲಿ ಉಳಿದ ಸೊಸೆಗೆ ಕಬ್ಬಿನ ಹೊಲವೂ ಇದೆ, ಹಾಸಿಗೆ ಹಿಡಿದ ಮಾವನೂ ಇದ್ದಾರೆ. ಸಮುದಾಯ ಆರೋಗ್ಯದ ಪೋಸ್ಟಿಂಗಿನಲ್ಲಿ ವಿದ್ಯಾರ್ಥಿಗಳು ಇಂಥ ಮನೆಗಳಿಗೂ ಹೋಗುತ್ತಾರೆ. ಆಶ್ರಮದಲ್ಲಿ ಸರಿಯಾಗಿ ಕಲಿತ ಹುಡುಗಿ ಇಲ್ಲಿ ಬಿಪಿ ನೋಡಿ ಎದ್ದು ಹೋಗುವುದಿಲ್ಲ. ಮಲಗಿದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ಅಳೆಯುತ್ತಾಳೆ. ಮೇಲಿನ ಅಂಕಿ 20 ಇಳಿದರೆ ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಅಜ್ಜ ಯಾಕೆ ಬೀಳುತ್ತಾರೆಂದು ಸೊಸೆಗೆ ತಿಳಿಸುತ್ತಾಳೆ. ಬೆಡ್‌ಸೋರ್ ಶುರುವಾಗಿದೆಯೇ ಎಂದು ಹಿಮ್ಮಡಿ ಎತ್ತಿ ನೋಡುತ್ತಾಳೆ. ಉಣಿಸುವಾಗ ನೆಟ್ಟಗೆ ಕೂರಿಸಿ, ಉಂಡಾದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ ಎನ್ನುತ್ತಾಳೆ. ಟ್ಯೂಟರ್ ಹೊಸ್ತಿಲ ಬಳಿ ನಿಂತು ಎಲ್ಲವನ್ನೂ ಗಮನಿಸಿ, ಹೊರಗೆ ಬಂದ ಮೇಲೆ ಒಂದೇ ಪ್ರಶ್ನೆ ಕೇಳಬಹುದು: ಸೊಸೆ ರಾತ್ರಿ ಎಷ್ಟು ತಾಸು ಮಲಗುತ್ತಾಳಂತ ಕೇಳಿದಿಯಾ?